ಆಫೀಸಿನ ಶೇರ್ಡ್ ಫೋಲ್ಡರ್: ಕೀಲಿ ಯಾರ ಕೈಯಲ್ಲಿ ಉಂಟು?

(ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪಿಸ್ಕಾಟವೇಯಲ್ಲಿ ನಮ್ಮವರ ಕುಟುಂಬ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಗಲ್ಫಿನಿಂದಲೂ ಊರಿನಿಂದಲೂ ಹಲವರು ಫೋನಿನಲ್ಲಿ ಕೇಳುತ್ತಿದ್ದರು.)



ವಿಷಯ ಕೇಳಿದ ಕೂಡಲೇ ಕೆಲವರಿಗೆ ನಗು ಬಂತು. ಶೇರ್ಡ್ ಫೋಲ್ಡರ್ ಬಗ್ಗೆಯೂ ಭಾಷಣ ಉಂಟಾ ಮಾರಾಯ್ರೆ ಅಂತ. ವೀಸಾ, ಇನ್ಶೂರೆನ್ಸ್, ಮಕ್ಕಳ ಕಾಲೇಜು ಇವುಗಳ ಬಗ್ಗೆ ಹೇಳುವವರು ತುಂಬ ಜನ ಇದ್ದಾರೆ. ಆದ್ದರಿಂದ ನಾನು ಒಂದೇ ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ನಿಮ್ಮ ಪಾಸ್‌ಪೋರ್ಟಿನ ಸ್ಕ್ಯಾನ್ ಕಾಪಿ ಈ ಹೊತ್ತಿಗೆ ಎಲ್ಲಿ ಉಂಟು?

ಪಾಸ್‌ಪೋರ್ಟ್ ನಿಮ್ಮ ಪೆಟ್ಟಿಗೆಯಲ್ಲಿ ಇರಬಹುದು. ಕಾಪಿ ಮಾತ್ರ ಅಲ್ಲಿ ಇಲ್ಲ. ನೀವು ಕೆಲಸ ಮಾಡುವ ಕಂಪೆನಿಯ ಒಂದು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಅದು ಉಂಟು. ಅದರ ಪಕ್ಕದಲ್ಲೇ ನಿಮ್ಮ ಇಕಾಮಾ, ಮೆಡಿಕಲ್ ರಿಪೋರ್ಟು, ಸಂಬಳದ ಪಟ್ಟಿ, ಹೆಂಡತಿ ಮಕ್ಕಳ ಫ್ಯಾಮಿಲಿ ವೀಸಾ ಅರ್ಜಿ ಎಲ್ಲ ಉಂಟು. ಅಮೆರಿಕದಲ್ಲಿರುವ ನಮಗಾದರೆ ಸೋಶಿಯಲ್ ಸೆಕ್ಯುರಿಟಿ ನಂಬರು. ಆ ಫೋಲ್ಡರನ್ನು ಯಾರೆಲ್ಲ ತೆರೆದು ನೋಡಬಹುದು ಎಂಬುದನ್ನು ಒಂದು ದಿನ ಯಾರೋ ಒಬ್ಬ ಹುಡುಗ ಎರಡು ಮೂರು ಟಿಕ್ ಹಾಕಿ ತೀರ್ಮಾನ ಮಾಡಿದ್ದಾನೆ. ಆ ಹುಡುಗ ನಮ್ಮವನೇ ಆಗಿರುವ ಸಾಧ್ಯತೆಯೂ ಕಮ್ಮಿ ಇಲ್ಲ. ಗಲ್ಫಿನ ಸಣ್ಣ ಆಫೀಸುಗಳಲ್ಲಿ ಅಕೌಂಟ್ಸ್, ಟೈಪಿಂಗ್, ಸ್ಟೋರು, ಡಾಕ್ಯುಮೆಂಟ್ ಕೆಲಸ ನೋಡುವವರಲ್ಲಿ ನಮ್ಮ ಕರಾವಳಿಯ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. "ನಿನಗೆ ಕಂಪ್ಯೂಟರ್ ಬರುತ್ತದಲ್ಲ, ನೀನೇ ಮಾಡು" ಅಂದರೆ ಮುಗಿಯಿತು. ಆ ಹೊತ್ತಿಗೆ ಅವನೇ ಐಟಿ ಡಿಪಾರ್ಟ್‌ಮೆಂಟ್.

ಹಾಗಾಗಿ ಈ ಮಾತು ಇಬ್ಬರಿಗೆ. ಫೋಲ್ಡರ್ ಮಾಡುವವರಿಗೆ, ಮತ್ತು ಅದರೊಳಗೆ ಯಾರ ಕಾಗದ ಇದೆಯೋ ಅವರಿಗೆ.

ಮೊದಲು ಶೇರ್ಡ್ ಫೋಲ್ಡರ್ ಅಂದರೆ ಎಂತ ಅಂತ ನೋಡುವ. ಆಫೀಸಿನ ಕಬ್ಬಿಣದ ಕಪಾಟು ನೆನಪು ಮಾಡಿಕೊಳ್ಳಿ. ಕಪಾಟು ಇರುವುದು ಒಂದು ಕೋಣೆಯಲ್ಲಿ, ಆದರೆ ಫೈಲು ಬೇಕಾದವರು ಎಲ್ಲ ಕೋಣೆಗಳಲ್ಲೂ ಇದ್ದಾರೆ. ಹಿಂದೆ ಆಫೀಸ್ ಬಾಯ್ ಓಡುತ್ತಿದ್ದ. ಈಗ ಕೇಬಲ್ ಓಡುತ್ತದೆ. ಒಂದು ಕಂಪ್ಯೂಟರಿನಲ್ಲಿ ಇರುವ ಫೋಲ್ಡರನ್ನು ಬೇರೆ ಕಂಪ್ಯೂಟರುಗಳಿಂದ, ತಮ್ಮದೇ ಎಂಬ ಹಾಗೆ, ತೆರೆಯಲು ಬಿಡುವುದೇ ಶೇರ್ ಮಾಡುವುದು. ವಿಂಡೋಸ್ ಕಂಪ್ಯೂಟರುಗಳು ಇದಕ್ಕಾಗಿ ತಮ್ಮೊಳಗೆ ಆಡುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. ಐಬಿಎಂನ ಬ್ಯಾರಿ ಫೈಗನ್‌ಬಾಮ್ ಎಂಬವರು 1983ರಲ್ಲಿ ಅದನ್ನು ಶುರು ಮಾಡಿದ್ದು. ಹೆಸರಲ್ಲಿ ಬ್ಯಾರಿ ಉಂಟು ಅಂತ ಖುಷಿ ಪಡಬೇಡಿ, ಅವರು ನಮ್ಮವರಲ್ಲ! ಆಮೇಲೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ಅದೇ ಭಾಷೆಯನ್ನು ವಿಂಡೋಸ್ ಅಲ್ಲದ ಯಂತ್ರಗಳಿಗೂ ಕಲಿಸಿದರು. ಅದಕ್ಕೆ ಸಾಂಬಾ ಅಂತ ಹೆಸರು. ಅಂಗಡಿಯಿಂದ ತಂದು ಮೇಜಿನ ಮೇಲೆ ಇಡುವ ನಾಸ್ ಪೆಟ್ಟಿಗೆ ಉಂಟಲ್ಲ, ಅದರೊಳಗೆ ಬಹುತೇಕ ಸಾಂಬಾ ಇರುತ್ತದೆ.

ಈ ಭಾಷೆ ಈಗ ಬಳಸುವ ಬಾಗಿಲಿನ ನಂಬರು 445. ಪಿಸ್ಕಾಟವೇಯವರಿಗೆ ಇದು ನೆನಪಿಡಲು ಸುಲಭ. ನಮ್ಮ ಹೋಸ್ ಲೇನಿನಲ್ಲಿ ಐಇಇಇ ಸಂಸ್ಥೆಯ ಆಫೀಸು ಉಂಟಲ್ಲ, ಅದರ ಮನೆ ನಂಬರೂ 445. ನೀವು ದಿನಾ ಬಳಸುವ ನೆಟ್‌ವರ್ಕ್ ಕೇಬಲಿನ ನಿಯಮವನ್ನೂ ವೈಫೈ ನಿಯಮವನ್ನೂ ಬರೆದು ಇಟ್ಟಿರುವುದು ಇದೇ ಸಂಸ್ಥೆ. ಎರಡು ನಂಬರು ಒಂದೇ ಆದದ್ದು ಕಾಕತಾಳೀಯ ಅಷ್ಟೆ, ಆದರೆ ನಾನು ಹೊಸಬರಿಗೆ ಪಾಠ ಹೇಳುವಾಗ ಬಿಡುವುದಿಲ್ಲ. 445ನೇ ಬಾಗಿಲು ಆಫೀಸಿನ ಒಳಗೆ ಮಾತ್ರ ತೆರೆದಿರಬೇಕು. ಇಂಟರ್ನೆಟ್ಟಿನ ಕಡೆಗೆ ಅದು ಯಾವತ್ತೂ ತೆರೆದಿರಬಾರದು. ಮನೆಯಿಂದಲೂ ಫೈಲು ನೋಡಬೇಕು ಅಂತ ಬಾಸ್ ಹೇಳಿದರೆ ರೌಟರಿನಲ್ಲಿ ಅದನ್ನು ತೆರೆಯುವ ಕೆಲಸಕ್ಕೆ ಹೋಗಬೇಡಿ. ಅದಕ್ಕೆ ವಿಪಿಎನ್ ಬೇಕು, ಅದು ಬೇರೆ ಮಾತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ವಿಂಡೋಸಿನಲ್ಲಿ ಫೋಲ್ಡರ್ ಶೇರ್ ಮಾಡಲು ಹೋದರೆ ಪರ್ಮಿಷನ್ ಪಟ್ಟಿಯಲ್ಲಿ ಮೊದಲು ಕಾಣುವ ಹೆಸರು "ಎವ್ರಿಒನ್". ಎಲ್ಲರೂ. ಅದರ ಎದುರು ಮೂರು ಸಾಲು: ಫುಲ್ ಕಂಟ್ರೋಲ್, ಚೇಂಜ್, ರೀಡ್. ಸುಮ್ಮನೆ ಬಿಟ್ಟರೆ ರೀಡ್ ಮಾತ್ರ ಇರುತ್ತದೆ. ಆದರೆ ಯಾರಿಗೋ ಫೈಲು ಸೇವ್ ಆಗುವುದಿಲ್ಲ, ಬಾಸ್ ಕೂಗುತ್ತಾರೆ, ಹುಡುಗ ಫುಲ್ ಕಂಟ್ರೋಲಿಗೆ ಟಿಕ್ ಹಾಕುತ್ತಾನೆ. ಆಗಲೂ ಆಗುವುದಿಲ್ಲ. ಆಗ ಪಕ್ಕದ ಸೆಕ್ಯುರಿಟಿ ಎಂಬ ಜಾಗಕ್ಕೆ ಹೋಗಿ ಅಲ್ಲಿಯೂ ಎವ್ರಿಒನ್ ಸೇರಿಸಿ ಎಲ್ಲಾ ಟಿಕ್ ಹಾಕುತ್ತಾನೆ. ಈಗ ಎಲ್ಲ ಸರಿಯಾಯಿತು, ಬಾಸ್ ಖುಷಿ. ಆವತ್ತಿನಿಂದ ಆ ಕಪಾಟಿಗೆ ಬೀಗವೇ ಇಲ್ಲ.

ಒಂದು ಗಲ್ಫ್ ನಗರದ ಸಣ್ಣ ಕಂಪೆನಿಯೊಂದರಲ್ಲಿ ನಡೆದದ್ದು ಹೇಳುತ್ತೇನೆ, ನಮ್ಮ ಪರಿಚಯದ ಹುಡುಗನೇ ಅದರೊಳಗೆ ಸಿಕ್ಕಿಬಿದ್ದದ್ದು. ಹದಿನಾಲ್ಕು ಜನರ ಆಫೀಸು. ಎಲ್ಲರಿಗೂ ಒಂದೇ ಲಾಗಿನ್, ಹೆಸರು "ಆಫೀಸ್". ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಒಂದು ಗುರುವಾರ ಸಂಜೆ ಸಂಬಳದ ಫೋಲ್ಡರ್ ಕಾಣೆಯಾಯಿತು. ಯಾರು ತೆಗೆದದ್ದು? ಕಂಪ್ಯೂಟರ್ ಹೇಳುತ್ತದೆ: "ಆಫೀಸ್" ತೆಗೆದದ್ದು. ಹದಿನಾಲ್ಕೂ ಜನ "ಆಫೀಸ್". ಆವತ್ತು ಕಡೆಗೆ ಹೊರಟವನು ನಮ್ಮ ಹುಡುಗ, ಹಿಂದಿನ ವಾರ ಇನ್‌ಕ್ರಿಮೆಂಟ್ ಬಗ್ಗೆ ಮಾತು ಎತ್ತಿದವನೂ ಅವನೇ. ಸಾಕಲ್ಲ? ಸಂಶಯ ಅವನ ಮೇಲೆ. ಅವನು ನನಗೆ ರಾತ್ರಿ ಫೋನ್ ಮಾಡಿ, "ಕಾಕ, ನಾನು ಮುಟ್ಟಲಿಲ್ಲ ಅಂತ ತೋರಿಸುವುದು ಹೇಗೆ?" ಅಂತ ಕೇಳಿದ. ತೋರಿಸಲು ದಾರಿ ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಪಕ್ಕದ ಫೋಲ್ಡರಿನ ಒಳಗೆ. ಯಾರದ್ದೋ ಕೈ ಮೌಸಿನ ಮೇಲೆ ಜಾರಿ ಎಳೆದು ಬಿಟ್ಟಿದೆ, ಎಳೆದವರಿಗೂ ಗೊತ್ತಿಲ್ಲ. ಫೋಲ್ಡರ್ ಸಿಕ್ಕಿತು. ಆದರೆ ಮೂರು ದಿನ ಕಳ್ಳನ ಹಾಗೆ ಕೂತವನ ಹತ್ತಿರ ಯಾರೂ ಒಂದು ಮಾತು ಹೇಳಲಿಲ್ಲ.

ಇಲ್ಲಿ ತಿಳಿಯಬೇಕಾದದ್ದು ಇದು. ಬೀಗ ಇರುವುದು ಬಡ ನೌಕರನನ್ನು ಹೊರಗಿಡಲಿಕ್ಕೆ ಅಂತ ನಮ್ಮವರು ತಿಳಿದುಕೊಳ್ಳುತ್ತಾರೆ. ಹಾಗಲ್ಲ. "ಆ ಕೋಣೆಗೆ ನನ್ನ ಹತ್ತಿರ ಕೀಲಿ ಇರಲಿಲ್ಲ" ಅಂತ ಹೇಳಲು ಆಗುವುದು ಬೀಗ ಇದ್ದರೆ ಮಾತ್ರ. ಎಲ್ಲರ ಕೈಯಲ್ಲೂ ಕೀಲಿ ಇದ್ದರೆ ತಪ್ಪು ಹೊರಿಸಲು ಅನುಕೂಲವಾದವನು ಯಾರೋ ಅವನೇ ಕಳ್ಳ. ವೀಸಾ ಯಾರ ಕೈಯಲ್ಲಿ ಇದೆಯೋ ಅವನ ಎದುರು ಕೂತು ವಾದ ಮಾಡಬೇಕಾದ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಎಡಗಡೆ ಫೋಲ್ಡರುಗಳ ಹೆಸರು ಬರೆಯಿರಿ: ಅಕೌಂಟ್ಸ್, ಸಿಬ್ಬಂದಿ ಕಾಗದ, ಸೇಲ್ಸ್, ಎಲ್ಲರಿಗೂ. ಮೇಲುಗಡೆ ಕೆಲಸಗಳ ಹೆಸರು ಬರೆಯಿರಿ. ಜನರ ಹೆಸರಲ್ಲ, ಕೆಲಸದ ಹೆಸರು. ಪ್ರತಿ ಮನೆಯಲ್ಲಿ ಮೂರರಲ್ಲಿ ಒಂದು ಬರೆಯಿರಿ: ನೋಡಬಹುದು, ತಿದ್ದಬಹುದು, ಇಲ್ಲ. ಆ ಕಾಗದಕ್ಕೆ ಮ್ಯಾನೇಜರಿನ ಸಹಿ ಹಾಕಿಸಿ. ಮ್ಯಾನೇಜರಿಗೆ ಪುರುಸೊತ್ತಿಲ್ಲದಿದ್ದರೆ ಇಮೇಲ್ ಮಾಡಿ, "ಹೀಗೆ ಮಾಡುತ್ತಿದ್ದೇನೆ, ಸರಿಯಲ್ಲವೇ" ಅಂತ. ಯಾರು ಏನು ನೋಡಬಹುದು ಅಂತ ತೀರ್ಮಾನ ಮಾಡುವುದು ಕಂಪೆನಿಯ ಕೆಲಸ, ಟಿಕ್ ಹಾಕುವುದು ಮಾತ್ರ ನಿಮ್ಮದು. ಎರಡನ್ನೂ ನೀವೇ ಹೊತ್ತುಕೊಂಡರೆ ನಾಳೆ ಉತ್ತರವನ್ನೂ ನೀವೇ ಕೊಡಬೇಕು.

ಆಮೇಲೆ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್. ಆಫೀಸಿನಲ್ಲಿ ಡೊಮೈನ್ ಇದ್ದರೆ ಹೆಸರುಗಳೆಲ್ಲ ಒಂದೇ ಸರ್ವರಿನಲ್ಲಿ ಇರುತ್ತವೆ, ಕೆಲಸ ಸುಲಭ. ಡೊಮೈನ್ ಇಲ್ಲದ ಸಣ್ಣ ಆಫೀಸಿನಲ್ಲಿ ಪ್ರತಿ ಕಂಪ್ಯೂಟರಿಗೂ ಅದರದೇ ಹೆಸರಿನ ಪಟ್ಟಿ. ಅಂಥ ಕಡೆ ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಎಲ್ಲರ ಹೆಸರನ್ನೂ ಪಾಸ್‌ವರ್ಡನ್ನೂ ಸೃಷ್ಟಿಸಬೇಕು. ಹುಡುಗರು ಇದನ್ನು ತಿಳಿಯದೆ, ಬೇರೆ ಕಂಪ್ಯೂಟರಿನಿಂದ ತೆರೆಯಲಿಕ್ಕೆ ಆಗುವುದಿಲ್ಲ ಅಂತ ಹೇಳಿ ಎವ್ರಿಒನ್‌ಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಹೆಸರುಗಳಾದ ಮೇಲೆ ಗ್ರೂಪ್ ಮಾಡಿ: ಅಕೌಂಟ್ಸ್ ಗ್ರೂಪ್, ಸೇಲ್ಸ್ ಗ್ರೂಪ್. ಅನುಮತಿ ಗ್ರೂಪಿಗೆ ಕೊಡಿ, ಮನುಷ್ಯನಿಗೆ ಕೊಡಬೇಡಿ. ನಮ್ಮಲ್ಲಿ ಜನ ಬರುತ್ತಾರೆ, ಎಕ್ಸಿಟ್ ಆಗುತ್ತಾರೆ, ಹೊಸಬರು ಬರುತ್ತಾರೆ. ಗ್ರೂಪಿನಿಂದ ಒಂದು ಹೆಸರು ತೆಗೆದು ಇನ್ನೊಂದು ಹಾಕಿದರೆ ಎಲ್ಲಾ ಫೋಲ್ಡರಿನಲ್ಲೂ ಸರಿಯಾಗುತ್ತದೆ. ಮನುಷ್ಯನ ಹೆಸರಲ್ಲಿ ಕೊಟ್ಟರೆ ನಲವತ್ತು ಫೋಲ್ಡರ್ ಹುಡುಕುತ್ತಾ ಕೂರಬೇಕು.

ಎರಡು ಬೀಗ ಉಂಟು ಅಂತ ಹೇಳಿದೆನಲ್ಲ. ಒಂದು ಶೇರ್ ಮಾಡುವಾಗ ಕೊಡುವ ಅನುಮತಿ, ಇನ್ನೊಂದು ಸೆಕ್ಯುರಿಟಿ ಎಂಬ ಜಾಗದಲ್ಲಿ ಕೊಡುವ ಅನುಮತಿ. ನೆಟ್‌ವರ್ಕಿನಿಂದ ಬರುವವನು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದು ನಡೆಯುತ್ತದೆ. ಆದರೆ ಅದೇ ಕಂಪ್ಯೂಟರಿನ ಎದುರು ಬಂದು ಕೂತವನಿಗೆ ಮೊದಲನೆಯ ಬೀಗ ಇಲ್ಲವೇ ಇಲ್ಲ, ಎರಡನೆಯದು ಮಾತ್ರ. ಆದ್ದರಿಂದ ನಿಜವಾದ ಬೀಗವನ್ನು ಎರಡನೆಯ ಜಾಗದಲ್ಲಿ ಹಾಕಿ. ಅಲ್ಲಿ ಎವ್ರಿಒನ್ ಬೇಡ, ಸಾಮಾನ್ಯರಿಗೆ ಫುಲ್ ಕಂಟ್ರೋಲೂ ಬೇಡ. ಫುಲ್ ಕಂಟ್ರೋಲ್ ಅಂದರೆ ಬರೀ ಫೈಲು ತಿದ್ದುವುದಲ್ಲ, ಬೀಗವನ್ನೇ ಬದಲಿಸುವ ಅಧಿಕಾರ. ದಿನದ ಕೆಲಸಕ್ಕೆ ಮಾಡಿಫೈ ಸಾಕು. "ಡಿನೈ" ಎಂಬ ಕಾಲಮ್ಮಿಗೆ ಟಿಕ್ ಹಾಕುವ ಆಸೆ ಕೆಲವರಿಗೆ ಉಂಟು, ಹಾಕಬೇಡಿ. ಒಬ್ಬನೇ ಎರಡು ಗ್ರೂಪಿನಲ್ಲಿದ್ದರೆ ಡಿನೈ ಗೆದ್ದು ಅವನು ಎಲ್ಲ ಕಡೆಯಿಂದ ಹೊರಗೆ ಬೀಳುತ್ತಾನೆ. ಬೇಡದವನನ್ನು ಸೇರಿಸದಿದ್ದರೆ ಆಯಿತು.

ಇನ್ನೊಂದು ಜಾಗ ಎಡವುವುದಕ್ಕೆ ಇಟ್ಟ ಹಾಗೆ ಉಂಟು. ಒಳಗಿನ ಫೋಲ್ಡರ್ ಹೊರಗಿನ ಫೋಲ್ಡರಿನ ಅನುಮತಿಯನ್ನೇ ಪಡೆದುಕೊಳ್ಳುತ್ತದೆ, ತಂದೆಯ ಆಸ್ತಿ ಮಕ್ಕಳಿಗೆ ಬಂದ ಹಾಗೆ. "ಎಲ್ಲರಿಗೂ" ಎಂಬ ಫೋಲ್ಡರಿನ ಒಳಗೆ "ಪಾಸ್‌ಪೋರ್ಟ್ ಕಾಪಿ" ಅಂತ ಒಂದು ಮಾಡಿದರೆ ಅದೂ ಎಲ್ಲರದ್ದೇ. ಒಳಗೆ ಮಾಡಿ ಆಮೇಲೆ ಆನುವಂಶಿಕತೆ ಕಡಿಯುವ ದಾರಿ ಉಂಟು, ಆದರೆ ಆರು ತಿಂಗಳ ನಂತರ ಯಾರಿಗೂ ಅದು ನೆನಪಿರುವುದಿಲ್ಲ. ಸಿಬ್ಬಂದಿಯ ಕಾಗದದ ಫೋಲ್ಡರನ್ನು ಬೇರೆಯಾಗಿ ಮೇಲುಗಡೆಯೇ ಇಡಿ. ಸಾಧ್ಯವಿದ್ದರೆ ಬೇರೆ ಶೇರ್ ಆಗಿಯೇ ಮಾಡಿ. ಸರ್ವರ್ ವಿಂಡೋಸ್ ಇದ್ದರೆ ಅನುಮತಿ ಇಲ್ಲದವರಿಗೆ ಫೋಲ್ಡರಿನ ಹೆಸರೇ ಕಾಣದ ಹಾಗೆ ಮಾಡುವ ವ್ಯವಸ್ಥೆಯೂ ಉಂಟು. "ಟರ್ಮಿನೇಷನ್ ಲೆಟರ್ಸ್" ಅಂತ ಹೆಸರು ಕಂಡರೇ ಸಾಕಲ್ಲ, ಒಳಗೆ ನೋಡಬೇಕಾಗಿಲ್ಲ!

ಸಣ್ಣ ಆಫೀಸಿನವರಿಗೆ ಇನ್ನೂ ಒಂದೆರಡು. ಸರ್ವರ್ ಬೇಡ, ಒಂದು ಸಾಮಾನ್ಯ ವಿಂಡೋಸ್ ಕಂಪ್ಯೂಟರ್ ಸಾಕು ಅಂತ ಶುರು ಮಾಡುತ್ತೀರಿ. ವಿಂಡೋಸ್ 10, 11ರಲ್ಲಿ ಒಟ್ಟಿಗೆ 20 ಸಂಪರ್ಕದವರೆಗೆ ಮಾತ್ರ ಬಿಡುತ್ತದೆ. ಆಫೀಸು ಬೆಳೆದಾಗ ಬೆಳಿಗ್ಗೆ ತಡವಾಗಿ ಬಂದವನಿಗೆ ಫೋಲ್ಡರ್ ತೆರೆಯುವುದಿಲ್ಲ, ಯಾಕೆ ಅಂತಲೂ ಗೊತ್ತಾಗುವುದಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಅಳಿಸಿದ ಫೈಲು ರೀಸೈಕಲ್ ಬಿನ್ನಿಗೆ ಹೋಗುತ್ತದೆ. ಶೇರ್ಡ್ ಫೋಲ್ಡರಿನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಎಲ್ಲಿಗೂ ಹೋಗುವುದಿಲ್ಲ, ಹೋಯಿತು ಅಂದರೆ ಹೋಯಿತು. ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ವಿಂಡೋಸಿನಲ್ಲೂ ನಾಸ್ ಪೆಟ್ಟಿಗೆಗಳಲ್ಲೂ ಉಂಟು, ಆದರೆ ಅದನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಹಾಗೆಯೇ ಯಾರು ಯಾವ ಫೈಲು ಅಳಿಸಿದರು ಅಂತ ವಿಂಡೋಸ್ ತಾನಾಗಿ ಬರೆದಿಡುವುದಿಲ್ಲ. "ಲಾಗ್ ತೆಗೆದು ನೋಡುತ್ತೇನೆ" ಅಂತ ಬಾಸ್ ಹೆದರಿಸಬಹುದು. ಬರೆದಿಡು ಅಂತ ಮೊದಲೇ ಹೇಳಿರದಿದ್ದರೆ ಅಲ್ಲಿ ಲಾಗ್ ಇಲ್ಲ.

ಕನ್ನಡದಲ್ಲಿ ಫೈಲು ಇಡುವವರಿಗೆ ಒಂದು ಮಾತು ಸೇರಿಸುತ್ತೇನೆ, ಊರಿನ ಜಮಾಅತ್ ಆಫೀಸು, ಶಾಲೆಗಳಲ್ಲಿ ಕೆಲಸ ಮಾಡುವವರು ಕೇಳುತ್ತಿದ್ದಾರೆ ಅಂತ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಾಗದವನ್ನು ಹಂಚಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಗೀಚು. ಯೂನಿಕೋಡಿನಲ್ಲಿ ಬರೆಯಿರಿ. ಫೋಲ್ಡರಿನ ಹೆಸರನ್ನೂ ಕನ್ನಡದಲ್ಲೇ ಇಡಬಹುದು, ಯಾವ ತೊಂದರೆಯೂ ಇಲ್ಲ.

ಈಗ ಬೀಗ ಇಲ್ಲದಿದ್ದರೆ ದೊಡ್ಡ ಕಡೆ ಏನಾಗುತ್ತದೆ ಅಂತ ನೋಡುವ. ದಮ್ಮಾಮ್, ಖೋಬರ್ ಕಡೆ ಇರುವವರಿಗೆ 2012 ನೆನಪಿರಬಹುದು. ಆಗಸ್ಟ್ 15, ರಮಳಾನಿನ ಕೊನೆಯ ದಿನಗಳು, ಜನ ರಜೆಯಲ್ಲಿ. ಆವತ್ತು ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರುಗಳು ಅಳಿಸಿ ಹೋದವು. ಶಮೂನ್ ಎಂಬ ವೈರಸ್ಸು. ಎಣ್ಣೆ ತೆಗೆಯುವ ಯಂತ್ರಗಳ ನೆಟ್‌ವರ್ಕ್ ಬೇರೆ ಇದ್ದದ್ದರಿಂದ ಅದು ಉಳಿಯಿತು, ಆಫೀಸಿನದ್ದು ಹೋಯಿತು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಅದು ಹೇಗೆ ದಾಟಿತು? ಶೇರ್ಡ್ ಫೋಲ್ಡರಿನ ದಾರಿಯಲ್ಲೇ. ವಿಂಡೋಸ್ ಪ್ರತಿ ಡಿಸ್ಕನ್ನೂ ಅಡ್ಮಿನ್‌ಗಳಿಗಾಗಿ ಗುಟ್ಟಾಗಿ ಶೇರ್ ಮಾಡಿ ಇಟ್ಟಿರುತ್ತದೆ. ದೊಡ್ಡ ಕೀಲಿ ಒಂದು ಕೈಗೆ ಸಿಕ್ಕಿದರೆ ಎಲ್ಲಾ ಬಾಗಿಲೂ ತೆರೆಯುತ್ತದೆ. ಹಾಗಾಗಿ ಅಡ್ಮಿನ್ ಲಾಗಿನ್ನಿನಲ್ಲಿ ದಿನದ ಇಮೇಲ್ ನೋಡಬೇಡಿ, ಎಕ್ಸೆಲ್ ತೆರೆಯಬೇಡಿ. ಆ ಲಾಗಿನ್ ಬೇರೆ ಇರಲಿ, ಬೇಕಾದಾಗ ಮಾತ್ರ ತೆಗೆಯಿರಿ.

ಐದು ವರ್ಷ ಕಳೆದು 2017. ಹಳೆಯ ಎಸ್‌ಎಂಬಿಯ ಮೊದಲನೇ ಆವೃತ್ತಿಯಲ್ಲಿ ಒಂದು ತೂತು ಇತ್ತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅದನ್ನು ಮುಚ್ಚುವ ಅಪ್‌ಡೇಟ್ ಕೊಟ್ಟಿತು. ತುಂಬ ಕಡೆ ಹಾಕಲಿಲ್ಲ. ಮೇ 12ರಂದು ವಾನ್ನಾಕ್ರೈ ಬಂತು, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟುಗಳು ರದ್ದಾದವು. ಜೂನ್ 27ರಂದು, ಈದ್ ಮುಗಿದ ವಾರದಲ್ಲೇ, ನಾಟ್‌ಪೆಟ್ಯಾ ಬಂತು. ಅದು ಹೊರಟದ್ದು ಯುಕ್ರೇನಿನ ಒಂದು ಅಕೌಂಟಿಂಗ್ ಸಾಫ್ಟ್‌ವೇರಿನ ಅಪ್‌ಡೇಟಿನಿಂದ. ಆದರೆ ತಲುಪಿದ್ದು ಎಲ್ಲಿಗೆ? ನಮ್ಮ ಹತ್ತಿರದ ಎಲಿಜಬೆತ್ ಬಂದರಿಗೆ. ಟರ್ನ್‌ಪೈಕ್ ಹಿಡಿದು ಉತ್ತರಕ್ಕೆ ಹೋಗುವಾಗ ಬಲಗಡೆ ಕ್ರೇನುಗಳು ಕಾಣುತ್ತವಲ್ಲ, ಅಲ್ಲಿ ಮರ್ಸ್ಕ್ ಕಂಪೆನಿಯ ಟರ್ಮಿನಲಿನ ಗೇಟು ಸ್ತಬ್ಧ, ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತವು. ಮುಂಬೈಯ ಜೆಎನ್‌ಪಿಟಿಯಲ್ಲಿ ಅದೇ ಕಂಪೆನಿ ನಡೆಸುವ ಟರ್ಮಿನಲೂ ನಿಂತಿತು. ನ್ಯೂಜೆರ್ಸಿಯದ್ದೇ ಔಷಧಿ ಕಂಪೆನಿ ಮರ್ಕ್‌ಗೂ ಪೆಟ್ಟು ಬಿತ್ತು. ಇದು ಯುದ್ಧದ ಲೆಕ್ಕಕ್ಕೆ ಸೇರುತ್ತದೆ, ಪರಿಹಾರ ಇಲ್ಲ ಅಂತ ಇನ್ಶೂರೆನ್ಸಿನವರು ಹೇಳಿದಾಗ ಮರ್ಕ್ ಕೋರ್ಟಿಗೆ ಹೋಗಿ 2023ರಲ್ಲಿ ನ್ಯೂಜೆರ್ಸಿಯ ಅಪೀಲು ಕೋರ್ಟಿನಲ್ಲೂ ಗೆದ್ದಿತು.

ಮರ್ಸ್ಕ್‌ನ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಭಾಗ ಉಂಟು. ಅವರ 45,000 ಕಂಪ್ಯೂಟರ್, 4,000 ಸರ್ವರುಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಫೈಲುಗಳ ಬ್ಯಾಕಪ್ ಇತ್ತು. ಆದರೆ ಯಾರು ಯಾರು, ಯಾರಿಗೆ ಯಾವ ಬಾಗಿಲಿನ ಕೀಲಿ ಅಂತ ಬರೆದಿಡುವ ಸರ್ವರುಗಳು, ಡೊಮೈನ್ ಕಂಟ್ರೋಲರ್ ಅಂತ ಹೇಳುತ್ತಾರೆ, ಅವು ಪ್ರಪಂಚದ ಎಲ್ಲಾ ಕಡೆ ಅಳಿಸಿ ಹೋಗಿದ್ದವು. ಒಂದಕ್ಕೊಂದು ನಕಲು ಇಟ್ಟುಕೊಳ್ಳುತ್ತವೆ, ಒಂದು ಹಾಳಾದರೆ ಇನ್ನೊಂದು ಉಂಟು ಅಂತ ನಂಬಿದ್ದರು. ಎಲ್ಲವೂ ಒಟ್ಟಿಗೆ ಹಾಳಾದರೆ? ಹುಡುಕುತ್ತಾ ಹೋದಾಗ ಆಫ್ರಿಕಾದ ಘಾನಾ ಆಫೀಸಿನಲ್ಲಿ ಒಂದು ಉಳಿದಿತ್ತು. ಯಾಕೆ ಉಳಿಯಿತು ಗೊತ್ತಾ? ವೈರಸ್ಸು ಬರುವ ಮೊದಲು ಅಲ್ಲಿ ಕರೆಂಟು ಹೋಗಿತ್ತು! ನಾವು ಊರಿನಲ್ಲಿ ಮೆಸ್ಕಾಂಗೆ ಬೈಯುತ್ತೇವೆ, ಅಲ್ಲಿ ಕರೆಂಟು ಹೋದದ್ದೇ ಕಂಪೆನಿಯನ್ನು ಉಳಿಸಿತು. ಆ ಡಿಸ್ಕನ್ನು ಘಾನಾದಿಂದ ನೈಜೀರಿಯಾಕ್ಕೆ ಒಬ್ಬರು, ಅಲ್ಲಿಂದ ಇಂಗ್ಲೆಂಡಿಗೆ ಇನ್ನೊಬ್ಬರು ವಿಮಾನದಲ್ಲಿ ಹೊತ್ತುಕೊಂಡು ಹೋದರು.

ಇದರಿಂದ ಸಣ್ಣ ಆಫೀಸಿನವನಿಗೆ ಎಂತ? ಬ್ಯಾಕಪ್ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಸಿಕ್ಕಿಸಿ ಇಟ್ಟರೆ ಅದು ಬ್ಯಾಕಪ್ ಅಲ್ಲ. ಫೋಲ್ಡರನ್ನು ತಿಂದ ವೈರಸ್ಸು ಅದನ್ನೂ ತಿನ್ನುತ್ತದೆ. ನಕಲು ಮಾಡಿ, ವಯರು ತೆಗೆದು, ಬೇರೆ ಜಾಗದಲ್ಲಿ ಬೀಗ ಹಾಕಿ ಇಡಿ. ಮತ್ತೆ ಮೊದಲು ಹೇಳಿದ ಆ ಸಹಿ ಮಾಡಿದ ಕಾಗದವನ್ನು ಕಾಗದವಾಗಿಯೇ ಇಟ್ಟುಕೊಳ್ಳಿ. ಎಲ್ಲ ಹೋದ ದಿನ ಯಾರಿಗೆ ಯಾವ ಕೀಲಿ ಅಂತ ಹೇಳುವುದು ಅದೊಂದೇ.

ಇಷ್ಟು ಫೋಲ್ಡರ್ ಮಾಡುವವರಿಗೆ. ಈಗ ಬಳಸುವವರಿಗೆ. ನಮ್ಮವರು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಊರಿಗೆ ಹೋಗುತ್ತಾರೆ. ಹೊರಡುವ ಹಿಂದಿನ ದಿನ ಬದಲಿ ಬರುವವನಿಗೆ ಪಾಸ್‌ವರ್ಡ್ ಬರೆದುಕೊಟ್ಟು, "ಮೋನೆ, ನೋಡಿಕೋ" ಅಂತ ಹೇಳಿ ವಿಮಾನ ಹತ್ತುತ್ತಾರೆ. ಎರಡು ತಿಂಗಳು ನಿಮ್ಮ ಹೆಸರಿನಲ್ಲಿ ಇನ್ನೊಬ್ಬ ಓಡಾಡುತ್ತಾನೆ. ಅವನು ಒಳ್ಳೆಯವನೇ ಇರಬಹುದು. ಆದರೆ ಆ ಎರಡು ತಿಂಗಳಲ್ಲಿ ಆದದ್ದಕ್ಕೆಲ್ಲ ಹೆಸರು ನಿಮ್ಮದು, ನೀವು ಮಂಗಳೂರಿನಲ್ಲಿ ಮಗಳ ಮದುವೆಯ ಗಡಿಬಿಡಿಯಲ್ಲಿ. ಹಾಗೆ ಮಾಡಬೇಡಿ. "ನನ್ನ ಗ್ರೂಪಿಗೆ ಇಂಥವನನ್ನು ಇಂಥ ತಾರೀಕಿನವರೆಗೆ ಸೇರಿಸಿ, ನನ್ನ ಲಾಗಿನ್ ಅಷ್ಟು ದಿನ ಬಂದ್ ಮಾಡಿ" ಅಂತ ಒಂದು ಇಮೇಲ್ ಮಾಡಿ. ಐದು ನಿಮಿಷದ ಕೆಲಸ. ಮ್ಯಾನೇಜರೇ ಪಾಸ್‌ವರ್ಡ್ ಕೇಳಿದರೆ? ಕೊಡಲಾರೆ ಅಂತ ಹೇಳುವ ಸ್ಥಿತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ, ನನಗೆ ಗೊತ್ತುಂಟು. ಆಗ ಕೊಟ್ಟ ಕೂಡಲೇ, "ನಿಮ್ಮ ಸೂಚನೆಯಂತೆ ಇವತ್ತು ಪಾಸ್‌ವರ್ಡ್ ಕೊಟ್ಟಿದ್ದೇನೆ" ಅಂತ ಅವರಿಗೇ ಒಂದು ಸಾಲು ಬರೆಯಿರಿ, ಮರುದಿನ ಪಾಸ್‌ವರ್ಡ್ ಬದಲಿಸಿ.

ಕೆಲಸ ಬಿಡುವಾಗಲೂ ಹಾಗೆಯೇ. ಬಿಟ್ಟ ಮೇಲೂ ಲಾಗಿನ್ ನಡೆಯುತ್ತದೆ ಅಂತ ಖುಷಿಯಿಂದ ಹೇಳಿದವರನ್ನು ನೋಡಿದ್ದೇನೆ. ಅದು ಖುಷಿಯ ಸಂಗತಿಯಲ್ಲ. ಬಂದ್ ಮಾಡಿ ಅಂತ ನೀವೇ ಕೇಳಿ, ಬರೆದು ಕೇಳಿ. ಕಂಪೆನಿಯ ಫೈಲನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಬೇಡಿ, ಮುಂದಿನ ಕೆಲಸಕ್ಕೆ ಉಪಯೋಗ ಆಗುತ್ತದೆ ಅಂದರೂ ಬೇಡ. ನಿಮ್ಮ ಸ್ವಂತ ಸಂಬಳದ ಚೀಟಿ, ಕಾಂಟ್ರ್ಯಾಕ್ಟ್ ಕಾಪಿ ಬೇಕು. ಅದನ್ನು ಕೇಳಿ, ಇಮೇಲಿನಲ್ಲಿ ತರಿಸಿಕೊಳ್ಳಿ.

ನಿಮ್ಮ ಕಾಗದ ಯಾರು ನೋಡುತ್ತಾರೆ ಅಂತ ಕೇಳುವುದೂ ತಪ್ಪಲ್ಲ. ಈಗ ಕಾನೂನೂ ಉಂಟು. ನ್ಯೂಜೆರ್ಸಿಯಲ್ಲಿ 2005ರ ಕಾನೂನಿನಂತೆ ಇಂಥ ಮಾಹಿತಿ ಸೋರಿದರೆ ಕಂಪೆನಿ ಪೊಲೀಸರಿಗೂ ಆ ಮಾಹಿತಿಯ ಮನುಷ್ಯನಿಗೂ ತಿಳಿಸಬೇಕು. ಯುಎಇಯಲ್ಲಿ 2021ರದ್ದು, ಸೌದಿಯಲ್ಲಿ 2023ರಿಂದ ಜಾರಿಗೆ ಬಂದದ್ದು, ಭಾರತದಲ್ಲಿ 2023ರದ್ದು ಉಂಟು. ಕಾನೂನು ಹಿಡಿದು ಜಗಳಕ್ಕೆ ಹೋಗಿ ಅಂತ ಹೇಳುವುದಿಲ್ಲ. ಆದರೆ ನಮ್ಮ ಹುಡುಗ ಮ್ಯಾನೇಜರಿನ ಹತ್ತಿರ, "ಸರ್, ಪಾಸ್‌ಪೋರ್ಟಿನ ಫೋಲ್ಡರ್ ಎಲ್ಲರಿಗೂ ತೆರೆದುಕೊಂಡಿದೆ, ನಾಳೆ ಕಂಪೆನಿಗೆ ತೊಂದರೆ" ಅಂತ ಹೇಳಿದರೆ, ಅದು ಕಂಪೆನಿಯ ಒಳ್ಳೆಯದಕ್ಕೆ ಹೇಳಿದ ಮಾತು. ಬಹುತೇಕ ಮ್ಯಾನೇಜರುಗಳು ಕೇಳುತ್ತಾರೆ.

ದುಬೈಯಿಂದ ಒಬ್ಬರು ಪ್ರಶ್ನೆ ಬರೆದು ಕಳಿಸಿದ್ದಾರೆ, ಅದಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ. ಅವರ ಆಫೀಸಿನ ಫೋಟೊಕಾಪಿ ಮೆಷಿನ್ ಹಳೆಯದು. ಸ್ಕ್ಯಾನ್ ಮಾಡಿದ್ದು ನೇರ ಫೋಲ್ಡರಿಗೆ ಹೋಗುತ್ತಿತ್ತು. ಹೊಸ ಕಂಪ್ಯೂಟರ್ ಬಂದ ಮೇಲೆ ಹೋಗುವುದಿಲ್ಲ. ಮೆಕ್ಯಾನಿಕ್ ಬಂದು ಎಸ್‌ಎಂಬಿ ಒಂದನ್ನು ಆನ್ ಮಾಡಿ ಸರಿ ಮಾಡಿ ಹೋದ. ಸರಿಯಾ ಅಂತ ಕೇಳುತ್ತಾರೆ.

ಸರಿಯಲ್ಲ. ವಾನ್ನಾಕ್ರೈ ಬಂದ ಬಾಗಿಲು ಅದೇ ಮೊದಲನೇ ಆವೃತ್ತಿ. 2017ರ ಕೊನೆಯಿಂದ ವಿಂಡೋಸ್ 10 ಹೊಸದಾಗಿ ಹಾಕಿದರೆ ಅದು ಇರುವುದಿಲ್ಲ, ಬೇಕೆಂದೇ ತೆಗೆದಿದ್ದಾರೆ. ಮೊದಲು ಮೆಷಿನ್ ಕಂಪೆನಿಯ ವೆಬ್‌ಸೈಟಿನಲ್ಲಿ ಅದಕ್ಕೆ ಹೊಸ ಸಾಫ್ಟ್‌ವೇರ್ ಉಂಟಾ ನೋಡಿ, ಹಲವು ಮೆಷಿನ್‌ಗಳಿಗೆ ಎರಡನೆಯ ಆವೃತ್ತಿ ಬಂದಿದೆ. ಇಲ್ಲದಿದ್ದರೆ ಸ್ಕ್ಯಾನನ್ನು ಇಮೇಲಿಗೆ ಕಳಿಸುವ ಹಾಗೆ ಬದಲಿಸಿ. ಅದೂ ಆಗದಿದ್ದರೆ ಯುಎಸ್‌ಬಿಯಲ್ಲಿ ತೆಗೆಯಿರಿ, ಸ್ವಲ್ಪ ನಡೆಯಬೇಕು ಅಷ್ಟೆ. ಮತ್ತೆ ಆ ಮೆಷಿನ್ ಫೋಲ್ಡರಿಗೆ ಹೋಗಲು ಯಾರ ಲಾಗಿನ್ ಬಳಸುತ್ತದೆ ಅಂತ ನೋಡಿ. ಅಡ್ಮಿನ್‌ನದ್ದು ಹಾಕಿ ಬಿಟ್ಟಿರುತ್ತಾರೆ. ಅದಕ್ಕೆ ಅಂತಲೇ ಒಂದು ಬೇರೆ ಹೆಸರು ಮಾಡಿ, ಸ್ಕ್ಯಾನ್ ಎಂಬ ಒಂದೇ ಫೋಲ್ಡರಿಗೆ ಬರೆಯಲು ಮಾತ್ರ ಬಿಡಿ. ಆ ಫೋಲ್ಡರನ್ನು ದಿನಾ ಸಂಜೆ ಖಾಲಿ ಮಾಡಿ. ಇಡೀ ಆಫೀಸಿನವರ ಪಾಸ್‌ಪೋರ್ಟು ಮೊದಲು ಬಂದು ಬೀಳುವ ಜಾಗ ಅದು.

ಉಳಿದ ಪ್ರಶ್ನೆಗಳನ್ನು ಊಟದ ಹೊತ್ತಿಗೆ ಕೇಳಿ, ನಾನು ಇಲ್ಲೇ ಇದ್ದೇನೆ.